ಬಹುಪಯೋಗಿ ಕತ್ತರಿ: ಕಾರವಾರದ ಅಡುಗೆಮನೆಯಲ್ಲಿ, ಶಿರಸಿಯ ತೋಟದಲ್ಲಿ 14 ತಿಂಗಳು

ನಮ್ಮ ಮನೆಯಲ್ಲಿ ಕತ್ತರಿಯ ಸಲುವಾಗಿ ಆಗುತ್ತಿದ್ದಷ್ಟು ತಕರಾರು ಬೇರೆ ಯಾವ ವಸ್ತುವಿಗಾಗಿಯೂ ಆದದ್ದಿಲ್ಲ. ನನ್ನ ಹೆಂಡತಿ ಮನೆಯಲ್ಲೇ ರವಿಕೆ, ಲಂಗ ಹೊಲಿದುಕೊಡುವವಳು. ಅವಳ ಹತ್ತು ಇಂಚಿನ ಮೀರತ್ ಕತ್ತರಿ ಹೊಲಿಗೆ ಯಂತ್ರದ ಖಾನೆಯಲ್ಲಿ, ಹಳೆಯ ಮಲ್ಲಿನ ತುಂಡಿನೊಳಗೆ ಸುತ್ತಿಟ್ಟಿರುತ್ತದೆ. ನಾನಾಗಲಿ ಮಗಳಾಗಲಿ ಹಾಲಿನ ಪ್ಯಾಕೆಟ್ಟನ್ನೋ ಪಾರ್ಸೆಲ್ಲಿನ ಟೇಪನ್ನೋ ಕತ್ತರಿಸಲು ಅದಕ್ಕೆ ಕೈಹಾಕಿದರೆ, ಹಿತ್ತಲಲ್ಲಿದ್ದರೂ ಖಾನೆ ಎಳೆದ ಸಪ್ಪಳದಿಂದಲೇ ಅವಳಿಗೆ ಗೊತ್ತಾಗಿಬಿಡುತ್ತಿತ್ತು. "ಬಟ್ಟೆ ಕತ್ತರಿಯಲ್ಲಿ ಕಾಗದ ಕತ್ತರಿಸಬೇಡಿ ಅಂತ ನಿಮಗೆ ಎಷ್ಟು ಸಲ ಹೇಳುವುದು?" ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಅವಳ ಸಿಟ್ಟು ಸುಮ್ಮನೆ ಬಂದದ್ದಲ್ಲ. ಕಾಗದ ನುಣುಪಾಗಿ, ಬೆಳ್ಳಗೆ ಕಾಣಲೆಂದು ಅದಕ್ಕೆ ಸುಣ್ಣಕಲ್ಲಿನ ಪುಡಿ, ಬಿಳಿಜೇಡಿಯಂಥ ಖನಿಜಗಳನ್ನು ಸೇರಿಸಿರುತ್ತಾರೆ. ಅವು ಅಲಗಿನ ಅಂಚನ್ನು ದಿನದಿನವೂ ಸ್ವಲ್ಪಸ್ವಲ್ಪವೇ ಸವೆಸುತ್ತವೆ. ಮೊಂಡಾದ ಅಲಗು ಕಾಗದವನ್ನು ಹೇಗೋ ಕತ್ತರಿಸೀತು, ಜಾರುವ ರೇಷ್ಮೆಯನ್ನು ಮಾತ್ರ ನಡುವೆ ಮಡಚಿ ಅಗಿಯುತ್ತದೆ. ಈ ಜಗಳಕ್ಕೊಂದು ಕೊನೆ ಕಾಣಿಸಬೇಕೆಂದು ಕಳೆದ ವರ್ಷದ ಚೌತಿಗೆ ಮುಂಚೆ ಕಾರವಾರ ಪೇಟೆಯ ಪಾತ್ರೆ ಅಂಗಡಿಯೊಂದರಲ್ಲಿ 380 ರೂಪಾಯಿ ಕೊಟ್ಟು ಬಹುಪಯೋಗಿ ಕತ್ತರಿಯೊಂದನ್ನು ತಂದೆ.

ಕಂಪನಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೂ ಹೆಚ್ಚಿನ ಉಪಯೋಗವಿಲ್ಲ, ಏಕೆಂದರೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುವ ಕತ್ತರಿಗಳು ಐದಾರು ಹೆಸರುಗಳಲ್ಲಿ, ಕೆಂಪು, ಕಪ್ಪು, ಹಸಿರು ಹಿಡಿಗಳೊಂದಿಗೆ ಅದೇ ಅಂಗಡಿಯಲ್ಲಿ ಸಾಲಾಗಿ ತೂಗಾಡುತ್ತಿದ್ದವು. ನಾನು ತಂದದ್ದು ಎಂಟೂವರೆ ಇಂಚು ಉದ್ದದ್ದು. ಒಂದು ಅಲಗಿನ ಅಂಚು ನುಣುಪು, ಇನ್ನೊಂದರಲ್ಲಿ ಸಣ್ಣ ಗರಗಸದ ಹಲ್ಲು. ತಿರುಗುಮೊಳೆಯ ಹತ್ತಿರ ಅರ್ಧಚಂದ್ರದಂತೆ ಕೊರೆದ ಒಂದು ಕಚ್ಚು, ಎರಡು ಹಿಡಿಗಳ ನಡುವೆ ಕಾಯಿ ಒಡೆಯಲು ದಪ್ಪ ಹಲ್ಲುಗಳು, ಹಿಡಿಯ ಮಗ್ಗುಲಲ್ಲಿ ಸೋಡಾ ಬಾಟಲಿಯ ಮುಚ್ಚಳ ತೆಗೆಯುವ ಕೊಕ್ಕೆ, ಅಲಗಿನ ಬೆನ್ನ ಮೇಲೆ ಮೀನಿನ ಹುರುಪೆ ಕೆರೆಯುವ ಏಣುಗಳು, ತುದಿಯಲ್ಲಿ ಸ್ಕ್ರೂ ತಿರುಗಿಸಲು ಚಪ್ಪಟೆ ಮೂತಿ. ಪೂರ್ತಿ ಅಗಲಿಸಿ ಎತ್ತಿದರೆ ಎರಡು ಅಲಗುಗಳೂ ಬೇರೆಬೇರೆಯಾಗಿ ಕೈಗೆ ಬರುತ್ತವೆ. ಡಬ್ಬದ ಮೇಲೆ 'ಎಲ್ಲವನ್ನೂ ಕತ್ತರಿಸುತ್ತದೆ' ಎಂದು ಬರೆದಿತ್ತು. ಈ ವಿಮರ್ಶೆ ಆ ಮಾತನ್ನು ಪರೀಕ್ಷಿಸಿ ನೋಡಿದ ವರದಿ. ಅರ್ಧ ಪರೀಕ್ಷೆ ಕಾರವಾರದ ನಮ್ಮ ಮನೆಯಲ್ಲಿ ನಡೆಯಿತು. ಉಳಿದರ್ಧ ದೇವಿಮನೆ ಘಟ್ಟ ಹತ್ತಿ, ಶಿರಸಿಯ ಹತ್ತಿರ ತಂಗಿಯ ಮನೆಯ ಅಡಿಕೆ ತೋಟದಲ್ಲಿ.

ಮೊದಲು ಕತ್ತರಿ ಹೇಗೆ ಕತ್ತರಿಸುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ, ಮುಂದಿನ ಮಾತುಗಳಿಗೆ ಅದು ಬೇಕಾಗುತ್ತದೆ. ಒಳ್ಳೆಯ ಕತ್ತರಿಯನ್ನು ಮುಚ್ಚಿ ಬೆಳಕಿಗೆ ಹಿಡಿದರೆ ಎರಡು ಅಲಗುಗಳ ನಡುವೆ ಕೂದಲೆಳೆಯಷ್ಟು ಸಂದು ಕಾಣುತ್ತದೆ. ಅವು ಪರಸ್ಪರ ತಾಗುವುದು ತುದಿಯಲ್ಲಿ ಮಾತ್ರ. ಅಲಗುಗಳಿಗೆ ಕೊಟ್ಟ ಸಣ್ಣ ಬಾಗುವಿಕೆಯಿಂದಾಗಿ, ಕತ್ತರಿ ಮುಚ್ಚುತ್ತ ಹೋದಂತೆ ಅವು ಕೂಡುವ ಬಿಂದು ಬುಡದಿಂದ ತುದಿಗೆ ಸಾಗುತ್ತದೆ. ಕತ್ತರಿಸುವ ಕೆಲಸವೆಲ್ಲ ನಡೆಯುವುದು ಆ ಒಂದೇ ಬಿಂದುವಿನಲ್ಲಿ. ಮೊಳೆ ಸಡಿಲವಾದರೆ ಅಲಗು ಎಷ್ಟೇ ಹರಿತವಿದ್ದರೂ ಆ ಬಿಂದುವೇ ತಪ್ಪಿಹೋಗುತ್ತದೆ, ತೆಳ್ಳಗಿನ ವಸ್ತು ಎರಡರ ನಡುವೆ ಮಡಚಿಕೊಳ್ಳುತ್ತದೆ. ಇನ್ನು ಬಲದ ಲೆಕ್ಕ. ಮೊಳೆಯಿಂದ ನಮ್ಮ ಬೆರಳಿಗೆ 10 ಸೆಂಟಿಮೀಟರ್ ದೂರವಿದ್ದು, ಕತ್ತರಿಸುವ ವಸ್ತು ಮೊಳೆಯಿಂದ 2 ಸೆಂಟಿಮೀಟರ್ ದೂರದಲ್ಲಿದ್ದರೆ ಕೈಬಲ ಐದು ಪಟ್ಟಾಗಿ ಅದರ ಮೇಲೆ ಬೀಳುತ್ತದೆ; ಅದನ್ನೇ ತುದಿಯಲ್ಲಿ ಹಿಡಿದರೆ ಕೊಟ್ಟಷ್ಟೇ ಬಲ. ದಪ್ಪ ವಸ್ತುವನ್ನು ಬಾಯಿಯ ಬುಡಕ್ಕೆ ತುರುಕಬೇಕು ಎಂದು ಹಿರಿಯರು ಹೇಳುವುದು ಇದಕ್ಕೇ. ಆದರೆ ಬಾಯಿ ಬಹಳ ಅಗಲಿಸಿದಾಗ ದುಂಡನೆಯ ವಸ್ತು ಮುಂದಕ್ಕೆ ಜಾರುತ್ತದೆ. ಅದನ್ನು ತಡೆದು ನಿಲ್ಲಿಸಲೆಂದೇ ಗರಗಸದ ಹಲ್ಲು ಮತ್ತು ಬುಡದ ಕಚ್ಚು ಇರುವುದು. ಈ ಕತ್ತರಿಯ ಹೆಚ್ಚುವರಿ ಅಂಗಗಳಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದವು ಇವೆರಡೇ ಎಂದರೆ ತಪ್ಪಾಗಲಾರದು, ಇನ್ನೊಂದರ ವಿಷಯವನ್ನು ಆಮೇಲೆ ಹೇಳುತ್ತೇನೆ.

ಚೌತಿಯೇ ಮೊದಲ ಪರೀಕ್ಷೆಯಾಯಿತು. ಗಣಪತಿಯ ಮೇಲೆ ಹಣ್ಣು-ಕಾಯಿಗಳನ್ನು ತೂಗುಬಿಡುವ ಫಲಾವಳಿ ಕಟ್ಟುವಾಗ ಸುತಳಿ, ಬಾಳೆಪಟ್ಟೆ, ಕಾಡಿನಿಂದ ತಂದ ಬಳ್ಳಿ, ಕಾಯಿಗಳ ತೊಟ್ಟು, ಹೀಗೆ ಕತ್ತರಿಸುವ ಕೆಲಸ ಎರಡು ದಿನ ಮುಗಿಯುವುದಿಲ್ಲ. ಹಿಂದೆಲ್ಲ ಇದಕ್ಕೆ ಕುಡುಗೋಲು ಮತ್ತು ಬ್ಲೇಡನ್ನು ಬಳಸುತ್ತಿದ್ದೆವು. ಏಣಿಯ ಮೇಲೆ ನಿಂತು ಕುಡುಗೋಲು ಆಡಿಸುವುದು ಯಾರಿಗೂ ಇಷ್ಟದ ಕೆಲಸವಲ್ಲ. ಹಸಿ ಬಾಳೆಪಟ್ಟೆಯ ನಾರು ನುಣುಪಾದ ಕತ್ತರಿಯಲ್ಲಿ ಜಾರಿ, ಅರ್ಧ ತುಂಡಾಗಿ, ಉಳಿದರ್ಧ ನೇತಾಡುತ್ತದೆ. ಗರಗಸದ ಹಲ್ಲು ಅದನ್ನು ಹಿಡಿದುಕೊಂಡು ಒಂದೇ ಸಲಕ್ಕೆ ಮುಗಿಸಿತು. ಬೆರಳಿನಷ್ಟು ದಪ್ಪದ ಹಸಿ ಬಳ್ಳಿ ಬುಡದ ಕಚ್ಚಿನಲ್ಲಿ ಸರಾಗವಾಗಿ ತುಂಡಾಯಿತು. ಅಲಂಕಾರಕ್ಕೆ ತಂದ ರಟ್ಟನ್ನು ಕತ್ತರಿಸುವಾಗ ಮಾತ್ರ ಅಂಚುಗಳು ನೇರವಾಗಿ ಬರಲಿಲ್ಲ. ದಪ್ಪ ರಟ್ಟಿಗೆ ಕತ್ತರಿಯೇ ಸರಿಯಾದ ಉಪಕರಣವಲ್ಲ. ಉಕ್ಕಿನ ಪಟ್ಟಿ ಇಟ್ಟು ಕಟರಿನಿಂದ ಗೀರುವುದೇ ವಾಸಿ.

ಬಟ್ಟೆಯ ಮೇಲೆ ಪ್ರಯೋಗಿಸಲು ಹೆಂಡತಿ ಒಂದು ಹಳೆಯ ಪಂಚೆಯನ್ನೂ ಒಂದು ರೇಷ್ಮೆಯ ಚೂರನ್ನೂ ಕೊಟ್ಟಳು, ತೀರ್ಪನ್ನೂ ತಾನೇ ಕೊಟ್ಟಳು. ಹತ್ತಿಯ ಪಂಚೆ ತುಂಡಾಯಿತು, ಆದರೆ ಅಂಚು ಇಲಿ ಕಡಿದಂತೆ ಸಣ್ಣಗೆ ಏರಿಳಿದಿತ್ತು. ರೇಷ್ಮೆಯಲ್ಲಿ ಗರಗಸದ ಹಲ್ಲು ಎಳೆಗಳನ್ನು ಹಿಡಿದೆಳೆದು ನೆರಿಗೆ ಬೀಳಿಸಿತು. ಇದಕ್ಕಿಂತ ಮುಖ್ಯವಾದ ದೋಷವೊಂದನ್ನು ಅವಳೇ ತೋರಿಸಿಕೊಟ್ಟಳು. ದರ್ಜಿಯ ಕತ್ತರಿಯ ಹಿಡಿ ಮೇಲಕ್ಕೆ ಬಾಗಿರುತ್ತದೆ, ಹಾಗಾಗಿ ಕೆಳಗಿನ ಅಲಗು ಮೇಜಿಗೆ ಒರಗಿಕೊಂಡೇ ಮುಂದೆ ಸಾಗುತ್ತದೆ, ಬಟ್ಟೆ ಮೇಜಿನಿಂದ ಏಳುವುದಿಲ್ಲ. ಈ ಕತ್ತರಿ ನೇರವಾಗಿರುವುದರಿಂದ ಪ್ರತಿ ಸಲ ಬಾಯಿ ತೆರೆದಾಗಲೂ ಬಟ್ಟೆ ಎರಡು ಇಂಚು ಮೇಲೇಳುತ್ತದೆ, ಸೀಮೆಸುಣ್ಣದ ಗೆರೆ ತಪ್ಪುತ್ತದೆ. ಹಳೆಯ ವಾಹನಗಳ ಗುಜರಿ ಉಕ್ಕನ್ನು ಕಾಯಿಸಿ ಬಡಿದು ಕತ್ತರಿ ಮಾಡುವ ಮೀರತ್‌ನ ಕಸುಬಿಗೆ 2013ರಲ್ಲಿ, ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಸೂಚಿಯ (ಜಿಐ) ಮಾನ್ಯತೆ ಸಿಕ್ಕಿದೆ; ಆ ಕತ್ತರಿಯ ಹಿಡಿ ಮುರಿದರೆ ಹಿಡಿಯನ್ನು, ಹರಿತ ಹೋದರೆ ಹರಿತವನ್ನು ಮತ್ತೆಮತ್ತೆ ಸರಿಪಡಿಸಿಕೊಂಡು ಒಂದು ತಲೆಮಾರು ಬಳಸಬಹುದು. ಬಟ್ಟೆಯ ಮಟ್ಟಿಗೆ ಹೊಸ ಕತ್ತರಿ ಅದರ ಹತ್ತಿರಕ್ಕೂ ಬರುವುದಿಲ್ಲ. ಅದನ್ನು ತಂದ ಉದ್ದೇಶವೂ ಅದಲ್ಲವೆಂದು ನಾನು ಸಮಾಧಾನ ಹೇಳಿಕೊಂಡೆ.

ಅಡುಗೆಮನೆಯಲ್ಲಿ ಅದು ಗೆದ್ದಿತು. ಸೀಗಡಿಯ ಬೆನ್ನನ್ನು ತಲೆಯ ಕಡೆಯಿಂದ ಬಾಲದವರೆಗೆ ಸೀಳಿ ಕಪ್ಪು ನರವನ್ನು ಎಳೆದು ತೆಗೆಯುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣವನ್ನು ನಾನು ಕಂಡಿಲ್ಲ. ಈಳಿಗೆಮಣೆಯ ಮೇಲೆ ಒಂದು ಪಾಲು ಸೀಗಡಿ ಸ್ವಚ್ಛಗೊಳಿಸಲು ಅರ್ಧ ತಾಸು ಬೇಕಾಗುತ್ತಿದ್ದಲ್ಲಿ ಈಗ ಹತ್ತು ಹನ್ನೆರಡು ನಿಮಿಷ ಸಾಕು. ಬಂಗಡೆಯ ರೆಕ್ಕೆ, ಬಾಲ, ಹೊಟ್ಟೆ ಕತ್ತರಿಸುವುದು ಸುಲಭ. ಹುರುಪೆ ಕೆರೆಯಲು ಅಲಗಿನ ಬೆನ್ನಿನಲ್ಲಿರುವ ಏಣುಗಳು ಮಾತ್ರ ಕೇವಲ ಶೋಭೆಗೆ. ಅವನ್ನು ಬಳಸುವಾಗ ಹರಿತವಾದ ಭಾಗ ನಮ್ಮ ಅಂಗೈ ಕಡೆಗೇ ತಿರುಗಿರುತ್ತದೆ ಎಂಬುದನ್ನು ವಿನ್ಯಾಸ ಮಾಡಿದವರು ಯೋಚಿಸಿದಂತಿಲ್ಲ. ಮೇಲೆ ಬಾಕಿ ಇಟ್ಟಿದ್ದ ಮೂರನೆಯ ಉಪಯುಕ್ತ ಅಂಗ ಹಿಡಿಗಳ ನಡುವಿನ ದಪ್ಪ ಹಲ್ಲು. ಡಬ್ಬದ ಮೇಲೆ ಅಕ್ರೋಟಿನ ಚಿತ್ರವಿತ್ತು. ನಮ್ಮಲ್ಲಿ ದಿನಾ ಅಕ್ರೋಟು ಒಡೆಯುವವರು ಯಾರು? ಆದರೆ ಬೇಯಿಸಿದ ಏಡಿಯ ಕೊಂಬನ್ನು ಅದರಲ್ಲಿಟ್ಟು ಮೆಲ್ಲಗೆ ಒತ್ತಿದರೆ ಚಿಪ್ಪು ಬಿರಿದು, ಒಳಗಿನ ಮಾಂಸ ಪುಡಿಯಾಗದೆ ಇಡಿಯಾಗಿ ಬರುತ್ತದೆ. ನಮ್ಮ ಕರಾವಳಿಯಲ್ಲಿ ಈ ಕತ್ತರಿ ಮಾರುವವರು ಆ ಚಿತ್ರವನ್ನು ಬದಲಾಯಿಸಬೇಕು. ಒಂದು ಎಚ್ಚರಿಕೆಯ ಮಾತನ್ನೂ ಸೇರಿಸುತ್ತೇನೆ: ಹಸಿ ಗೇರುಬೀಜವನ್ನು ಇದರಲ್ಲಿ ಒಡೆಯಲು ಹೋಗಬೇಡಿ. ಗೇರಿನ ಸಿಪ್ಪೆಯಲ್ಲಿರುವ ಎಣ್ಣೆ ಚರ್ಮವನ್ನು ಸುಡುತ್ತದೆ, ಒತ್ತಿದಾಗ ಅದು ಚಿಮ್ಮುವುದು ನೇರ ಮುಖದ ಕಡೆಗೆ.

ಗಾಳದ ನೈಲಾನ್ ದಾರವನ್ನು ಸಾಮಾನ್ಯ ಕತ್ತರಿ ಅನೇಕ ಸಲ ಕತ್ತರಿಸದೆ ಮಡಚುತ್ತದೆ. ಇದರಲ್ಲಿ ಆ ತೊಂದರೆ ಬರಲಿಲ್ಲ. ಪಕ್ಕದ ಮನೆಯವರು ಬೈತಖೋಲ ಬಂದರಿನಲ್ಲಿ ದೋಣಿಗೆ ಹೋಗುವವರು. ಹರಿದ ಬಲೆಯ ತುಂಡು, ನಾಲ್ಕೆಳೆ ಹೊಸೆದ ಪ್ಲಾಸ್ಟಿಕ್ ಹುರಿ, ಕಿರುಬೆರಳಿನಷ್ಟು ದಪ್ಪದ ಹಗ್ಗ, ಎಲ್ಲವನ್ನೂ ತಂದುಕೊಟ್ಟು ಕತ್ತರಿಸಿ ನೋಡಲು ಹೇಳಿದರು. ಹಗ್ಗಕ್ಕೆ ಎರಡು ಮೂರು ಕಚ್ಚು ಬೇಕಾಯಿತು, ಉಳಿದವು ಒಂದೇ ಸಲಕ್ಕೆ ಹೋದವು. ಆದರೂ ಅವರು ತಮ್ಮ ಚಾಕುವನ್ನು ಬಿಟ್ಟು ಇದನ್ನು ದೋಣಿಗೆ ಒಯ್ಯಲು ಒಪ್ಪಲಿಲ್ಲ. "ಮಾಸ್ತರೇ, ದೋಣಿಯಲ್ಲಿ ಒಂದು ಕೈಯಲ್ಲಿ ಹಗ್ಗ ಹಿಡಿದಿರುತ್ತೇವೆ. ನಿಮ್ಮ ಕತ್ತರಿಗೆ ಅಲ್ಲಿ ಎರಡು ಕೈ ಬೇಕು" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಡಿಸೆಂಬರಿನ ರಜೆಯಲ್ಲಿ ಶಿರಸಿಗೆ ಹೋಗುವಾಗ ಕತ್ತರಿಯನ್ನೂ ಒಯ್ದೆ. ತೋಟಗಾರರಿಗೆ ದಿನಬೆಳಗಾದರೆ ಕತ್ತರಿಸುವ ಕೆಲಸವೇ, ಆದರೆ ಅವರ ಮನೆಯಲ್ಲಿ ಕತ್ತರಿ ಎಂದರೆ ಮೊದಲು ನೆನಪಾಗುವುದು ಕವಳದ ಹರಿವಾಣದಲ್ಲಿರುವ ಅಡಕತ್ತರಿ. ಭಾವ ಮೊದಲು ಮಾಡಿದ್ದೇ ಅದನ್ನು. ಒಣಗಿದ ಗೋಟಡಿಕೆಯನ್ನು ಹಿಡಿಗಳ ನಡುವಿನ ಹಲ್ಲಿನಲ್ಲಿಟ್ಟು ಒತ್ತಿದರು. ಅಡಿಕೆ ಒಡೆಯಲಿಲ್ಲ, ಚಿಮ್ಮಿ ಹೋಗಿ ಜಗಲಿಯ ಕಂಬಕ್ಕೆ ತಾಗಿತು. "ಇದು ನಿಮ್ಮ ಏಡಿಗೇ ಸರಿ" ಎಂದು ನಗುತ್ತ ಕತ್ತರಿಯನ್ನು ಮರಳಿ ಕೊಟ್ಟರು. ಅಡಕತ್ತರಿಯಲ್ಲಿ ಹರಿತವಾದ ಅಲಗು ಒಂದೇ, ಕೆಳಗಿನದು ಅಡಿಕೆಗೆ ಒರಗು ಕೊಡುವ ಮಣೆ; ಅದರ ಲೆಕ್ಕವೇ ಬೇರೆ.

ಆದರೆ ಅದೇ ದಿನ ಸಂಜೆಯ ಹೊತ್ತಿಗೆ ಭಾವನ ಅಭಿಪ್ರಾಯ ಬದಲಾಗಿತ್ತು, ಅದಕ್ಕೆ ಕಾರಣ ಹಾಳೆ. ಬಿದ್ದು ಒಣಗಿದ ಅಡಿಕೆ ಹಾಳೆಯನ್ನು ಹಾಗೆಯೇ ಕತ್ತರಿಸಲು ಹೋದರೆ ನಾರಿನ ಗುಂಟ ಸೀಳಿಹೋಗುತ್ತದೆ, ಯಾವ ಕತ್ತರಿಯೂ ಅದನ್ನು ಬೇಕಾದ ಆಕಾರಕ್ಕೆ ತರಲಾರದು. ಅರ್ಧ ತಾಸು ನೀರಿನಲ್ಲಿ ನೆನೆಸಿದ ಮೇಲೆ ಅದು ತೊಗಲಿನಂತಾಗುತ್ತದೆ. ಆಗ ಈ ಕತ್ತರಿ ಅದರಲ್ಲಿ ದುಂಡಗೆ, ಓರೆಯಾಗಿ, ಬೇಕಾದಂತೆ ಓಡಿತು. ತಂಗಿ ಬೆಕ್ಕಿಗೆ ಅನ್ನ ಹಾಕುವ ಬಟ್ಟಲಿನಿಂದ ಹಿಡಿದು ಬೀಜ ಒಣಗಿಸುವ ತಟ್ಟೆಯವರೆಗೆ ಏಳೆಂಟು ಹಾಳೆಗಳನ್ನು ಕೊರೆದು ಸಾಲಾಗಿ ಇಟ್ಟಳು. ಅಡ್ಡ ನಾರನ್ನು ಕತ್ತರಿಸುವಾಗ ಮಾತ್ರ ಕೈಗೆ ಸ್ವಲ್ಪ ಬಲ ಬೇಕು. ಮೆಣಸಿನ ಬಳ್ಳಿಯನ್ನು ಅಡಿಕೆ ಮರಕ್ಕೆ ಕಟ್ಟುವ ತೆಂಗಿನ ನಾರಿನ ಹಗ್ಗ, ಸಸಿಗಳ ಮೇಲೆ ಹೊದೆಸುವ ಹಸಿರು ನೆರಳು ಬಲೆ, ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗಳಿಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುವ ಪ್ಲಾಸ್ಟಿಕ್ ಹಾಳೆ, ಕೊಟ್ಟಿಗೆಯ ಮಾಡಿಗೆ ಹಾಕುವ ತಾಡಪತ್ರಿ, ಇವೆಲ್ಲವೂ ಚೆನ್ನಾಗಿ ತುಂಡಾದವು.

ಗೊಬ್ಬರದ ಚೀಲ ಪ್ರತ್ಯೇಕವಾಗಿ ಹೇಳಬೇಕಾದ ವಸ್ತು. ಯೂರಿಯಾದ 45 ಕಿಲೋ ಚೀಲವಾಗಲಿ ಬೇರೆ ಗೊಬ್ಬರದ 50 ಕಿಲೋ ಚೀಲವಾಗಲಿ, ಪ್ಲಾಸ್ಟಿಕ್ ಪಟ್ಟಿಗಳನ್ನು ನೇಯ್ದು ಮಾಡಿದ್ದು. ಸಾಧಾರಣ ಕತ್ತರಿಯ ಬಾಯಲ್ಲಿ ಪಟ್ಟಿಗಳು ಜಾರಿ, ಎಳೆ ಬಿಟ್ಟು, ಗೊಂಚಲಾಗುತ್ತವೆ. ಗರಗಸದ ಅಲಗು ಅದನ್ನು ಸರ್ರನೆ ಸೀಳಿಕೊಂಡು ಹೋಯಿತು. ಹಳೆಯ ಚೀಲಗಳನ್ನು ಬಿಡಿಸಿ ಹೊಲಿದು ಅಡಿಕೆ ಒಣಗಿಸಲು ಹಾಸು ಮಾಡುವ ತಂಗಿಗೆ ಎರಡು ದಿನದ ಕೆಲಸ ಒಂದು ದಿನಕ್ಕೆ ಇಳಿಯಿತು. ಚೀಲದ ಬಾಯಿ ಬಿಚ್ಚಲು ಮಾತ್ರ ಯಾವ ಕತ್ತರಿಯೂ ಬೇಡ. ಅದು ಸರಪಳಿ ಹೊಲಿಗೆ. ಸರಿಯಾದ ತುದಿಯ ದಾರವನ್ನು ಹಿಡಿದೆಳೆದರೆ ಇಡೀ ಸಾಲು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಆ ತುದಿ ಯಾವುದೆಂದು ಗೊತ್ತಾಗದವರಿಗೆ ಕತ್ತರಿ.

ಡ್ರಿಪ್ ಪೈಪಿನಲ್ಲಿ ಫಲಿತಾಂಶ ಅರ್ಧಂಬರ್ಧ. ತೋಟಕ್ಕೆ ಹಾಕುವ 16 ಮಿಲಿಮೀಟರಿನ ಕಪ್ಪು ಪೈಪನ್ನು ಬುಡದ ಕಚ್ಚಿನಲ್ಲಿಟ್ಟು ಒತ್ತಿದರೆ ಅದು ಮೊದಲು ಚಪ್ಪಟೆಯಾಗುತ್ತದೆ, ಆಮೇಲೆ ತುಂಡಾಗುತ್ತದೆ. ತುಂಡಾದ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿರುವುದರಿಂದ ಜೋಡಣೆಯ ಜಾಗದಲ್ಲಿ ನೀರು ಒಸರುತ್ತದೆ. ಬಿಸಿನೀರಿನಲ್ಲಿ ತುದಿಯನ್ನು ಅದ್ದಿ, ಬೆರಳಿನಿಂದ ದುಂಡಗೆ ಮಾಡಿ ಜೋಡಿಸಿದರೆ ಸರಿಹೋಗುತ್ತದೆ. ಹತ್ತು ಜಾಗವಾದರೆ ಹೀಗೆ ಮಾಡಬಹುದು. ಇಡೀ ತೋಟಕ್ಕೆ ಪೈಪು ಎಳೆಯುವವರು ಪೈಪ್ ಕಟರನ್ನೇ ತರಬೇಕು. ಗಟ್ಟಿ ಪಿವಿಸಿ ಪೈಪಿಗೆ ಇದನ್ನು ಮುಟ್ಟಿಸಲೇಬಾರದು, ಪೈಪು ಸೀಳುತ್ತದೆ.

ತಂತಿಯ ವಿಷಯಕ್ಕೆ ಬಂದಾಗ ಕತ್ತರಿಯ ಆಯುಷ್ಯವೇ ಕಡಿಮೆಯಾಯಿತು. ಮನೆಯ ವಯರಿಂಗಿಗೆ ಬಳಸುವ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ವಯರು ಸುಲಭವಾಗಿ ಹೋಯಿತು, ಏಕೆಂದರೆ ತಾಮ್ರ ಬಹಳ ಮೆದು. (ವಿದ್ಯುತ್ ಹರಿಯುತ್ತಿರುವ ವಯರನ್ನು ಇದರಿಂದ ಮುಟ್ಟಬಾರದು, ಹಿಡಿಗೆ ಪ್ಲಾಸ್ಟಿಕ್ಕಿನ ಹೊದಿಕೆ ಇದೆ ಎಂಬ ಮಾತ್ರಕ್ಕೆ ಅದು ಲೈನ್‌ಮನ್‌ಗಳ ಪಕ್ಕಡವಾಗುವುದಿಲ್ಲ.) ಸೆಂಟ್ರಿಂಗ್ ಕೆಲಸದವರು ಕಂಬಿ ಕಟ್ಟುವ ತೆಳು ಬೈಂಡಿಂಗ್ ತಂತಿಯೂ ಬುಡದ ಕಚ್ಚಿನಲ್ಲಿ ತುಂಡಾಯಿತು, ಅದನ್ನು ಕಾಯಿಸಿ ಮೆದುಮಾಡಿರುತ್ತಾರೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ತಂಗಿಯ ಮಗ, ಹತ್ತೊಂಬತ್ತರ ಅಳಿಯ, ತನ್ನ ಬೈಕಿನ ಹಳೆಯ ಕ್ಲಚ್ ಕೇಬಲನ್ನು ಅಲಗಿನ ನಡುಭಾಗದಲ್ಲಿಟ್ಟು ಎರಡೂ ಕೈಯಿಂದ ಅದುಮಿದ. ಕೇಬಲು ತುಂಡಾಗಲಿಲ್ಲ, ನುಣುಪು ಅಲಗಿನ ಮೇಲೆ ಅಕ್ಕಿಕಾಳಿನಷ್ಟು ಗುಳಿ ಬಿತ್ತು. ಇದು ಹೀಗೇ ಆಗಬೇಕಾದದ್ದು. ಕೇಬಲಿನ ಎಳೆಗಳು ಎಳೆದೆಳೆದು ಗಡಸುಗೊಳಿಸಿದ ಉಕ್ಕು, ಕತ್ತರಿಯ ಅಲಗು ಅದಕ್ಕಿಂತ ಹೆಚ್ಚು ಗಡಸಾಗಿಲ್ಲ. ಮೆದುವಾದದ್ದು ಗಡಸಾದದ್ದನ್ನು ಕತ್ತರಿಸಲಾರದು. ಎಣ್ಣೆ ಡಬ್ಬದ ತಗಡಿಗೂ ಇದು ಬೇಡ, ಅದಕ್ಕೆ ತಗಡು ಕತ್ತರಿಯೇ ಆಗಬೇಕು. ಆ ಗುಳಿ ಇವತ್ತಿಗೂ ಇದೆ. ಪ್ಲಾಸ್ಟಿಕ್ ಹಾಳೆ ಕತ್ತರಿಸುವಾಗ ಅಲ್ಲಿಗೆ ಬಂದೊಡನೆ ಸಣ್ಣಗೆ ತಡೆಯುತ್ತದೆ, ಪ್ರತಿ ಸಲವೂ ಅಳಿಯನ ನೆನಪಾಗುತ್ತದೆ.

ಉಳಿದ ಅಂಗಗಳ ವಿಷಯದಲ್ಲಿ ಹೆಚ್ಚು ಹೇಳುವಂಥದ್ದೇನಿಲ್ಲ. ಬಾಟಲಿಯ ಕೊಕ್ಕೆ ಕೆಲಸ ಮಾಡುತ್ತದೆ. ಸ್ಕ್ರೂ ತಿರುಗಿಸುವ ಮೂತಿಯನ್ನು ಒಮ್ಮೆ ಬಳಸಿದೆ, ತುದಿ ಬಾಗುವುದು ಕಂಡು ಬಿಟ್ಟೆ. ತುದಿ ಬಾಗಿದರೆ, ಮೇಲೆ ಹೇಳಿದ ಅಲಗುಗಳು ಕೂಡುವ ಬಿಂದು ಕೆಡುತ್ತದೆ.

ಈಗ ತುಕ್ಕು. ಡಬ್ಬದ ಮೇಲೆ ಸ್ಟೇನ್‌ಲೆಸ್ ಸ್ಟೀಲ್, 3ಸಿಆರ್13 ಎಂದು ಬರೆದಿತ್ತು. ಸುಮಾರು 13 ಪ್ರತಿಶತ ಕ್ರೋಮಿಯಂ ಬೆರೆತ ಉಕ್ಕು ಎಂದು ಅದರ ಅರ್ಥ. ಕ್ರೋಮಿಯಂ ಗಾಳಿಯೊಂದಿಗೆ ಸೇರಿ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಪೊರೆಯನ್ನು ಕಟ್ಟಿ ಉಕ್ಕನ್ನು ಕಾಯುತ್ತದೆ. ಆದರೆ ಉಪ್ಪಿನಲ್ಲಿರುವ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ, ಸೂಜಿಮೊನೆಯಂಥ ತುಕ್ಕಿನ ಚುಕ್ಕೆಗಳು ಹುಟ್ಟುವುದು ಹಾಗೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಕಿಟಕಿ ತೆರೆದರೆ ಸಮುದ್ರದ ಗಾಳಿ ಒಳಗೆ ಬರುವ ನಮ್ಮ ಊರಿನಲ್ಲಿ ಸ್ಟೇನ್‌ಲೆಸ್ ಎಂಬ ಹೆಸರನ್ನು ನಂಬಿ ಕೂರುವಂತಿಲ್ಲ. ಜುಲೈ ತಿಂಗಳ ಒಂದು ರಾತ್ರಿ ಮೀನು ಕತ್ತರಿಸಿದ ಮೇಲೆ ನೀರಿನಲ್ಲಿ ತೊಳೆದು, ಒರೆಸದೆ, ಬಚ್ಚಲುಕಟ್ಟೆಯ ಮೇಲೆ ಬಿಟ್ಟೆ. ಬೆಳಿಗ್ಗೆ ಮೊಳೆಯ ಸುತ್ತ ಕಂದು ಬಣ್ಣದ ಉಂಗುರ ಮೂಡಿತ್ತು. ಅಲಗುಗಳು ಬೇರೆಯಾಗುವ ಗುಣದ ಬೆಲೆ ತಿಳಿದದ್ದು ಆಗ. ಬಿಡಿಸಿ, ಹುಣಸೆಹಣ್ಣು ಹಚ್ಚಿ ಉಜ್ಜಿ, ತೊಳೆದು, ಬಿಸಿಲಿಲ್ಲದ ಕಾರಣ ಒಲೆಯ ಪಕ್ಕದಲ್ಲಿ ಒಣಗಿಸಿ, ಎಣ್ಣೆ ಹಚ್ಚಿದ ಮೇಲೆ ಉಂಗುರ ಹೋಯಿತು, ಒಂದೆರಡು ಚುಕ್ಕೆಗಳು ಉಳಿದವು. ಬಿಡಿಸಲಾಗದ ಕತ್ತರಿಯಾಗಿದ್ದರೆ ಆ ಸಂದಿನಲ್ಲಿ ಮೀನಿನ ರಸವೂ ನೀರೂ ನಿಂತು, ವಾಸನೆಯೂ ತುಕ್ಕೂ ಒಟ್ಟಿಗೇ ಬೆಳೆಯುತ್ತಿದ್ದವು. ಯಾರಾದರೂ ಕೊಳ್ಳುವುದಾದರೆ ಬಾಟಲಿ ಕೊಕ್ಕೆಯನ್ನು ನೋಡಬೇಡಿ, ಅಲಗು ಬಿಡಿಸಿ ಬರುತ್ತದೆಯೇ ಎಂದು ನೋಡಿ.

ಎಣ್ಣೆಯ ಬಗ್ಗೆಯೂ ಒಂದು ಮಾತು ಇದೆ. ಟೇಪಿನ ಅಂಟು ಅಲಗಿಗೆ ಮೆತ್ತಿಕೊಂಡಾಗ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಸಾಕು, ಬಿಟ್ಟುಬರುತ್ತದೆ. ಅದೇ ಎಣ್ಣೆಯನ್ನು ಮೊಳೆಗೂ ಬಿಟ್ಟು ಶಿರಸಿಗೆ ಒಯ್ದಿದ್ದೆ. ಡಿಸೆಂಬರಿನ ಬೆಳಿಗ್ಗೆ ಕತ್ತರಿ ತೆರೆಯಲು ಹೋದರೆ ಜಗ್ಗಲಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಕಾರವಾರದಲ್ಲಿ ಅಪರೂಪಕ್ಕೆ ಕಾಣುವ ಈ ಸಂಗತಿ ಘಟ್ಟದ ಮೇಲೆ ಚಳಿಗಾಲದಲ್ಲಿ ದಿನನಿತ್ಯದ್ದು. ಈಗ ಹೊಲಿಗೆ ಯಂತ್ರದ ಎಣ್ಣೆಯನ್ನೇ ಒಂದು ಹನಿ ಬಿಡುತ್ತೇನೆ, ಅಡುಗೆಗೆ ಬಳಸುವ ಮೊದಲು ತೊಳೆದು ಒರೆಸುತ್ತೇನೆ.

ಸಾಣೆಯ ಮಾತು ಬಂದಾಗ ಈ ಕತ್ತರಿಯ ದೊಡ್ಡ ಕೊರತೆ ಬಯಲಾಗುತ್ತದೆ. ನಮ್ಮ ಓಣಿಗೆ ತಿಂಗಳಿಗೊಮ್ಮೆ ಸೈಕಲ್ಲಿಗೆ ಸಾಣೆಕಲ್ಲು ಕಟ್ಟಿಕೊಂಡು ಬರುವವರು ಹೆಂಡತಿಯ ಮೀರತ್ ಕತ್ತರಿಯನ್ನು 60 ರೂಪಾಯಿಗೆ ಹರಿತಗೊಳಿಸಿಕೊಟ್ಟರು. ಇದನ್ನು ಕೈಯಲ್ಲಿ ತಿರುಗಿಸಿ ನೋಡಿ, ನುಣುಪು ಅಲಗನ್ನಷ್ಟೇ ಮಾಡಿಕೊಡುತ್ತೇನೆ, ಹಲ್ಲಿನ ಅಲಗನ್ನು ಕಲ್ಲಿಗೆ ಹಿಡಿದರೆ ಹಲ್ಲೇ ಹೋಗುತ್ತದೆ ಎಂದರು. ಅವರ ಮಾತು ಸರಿ. ಹಲ್ಲು ಸವೆದ ದಿನ ಈ ಕತ್ತರಿಯ ಕಥೆ ಮುಗಿದಂತೆ. ಮರಳು ಕಾಗದವನ್ನೋ ಅಲ್ಯುಮಿನಿಯಂ ಹಾಳೆಯನ್ನೋ ಕತ್ತರಿಸಿದರೆ ಹರಿತ ಬರುತ್ತದೆ ಎಂದು ಹೇಳುವವರಿದ್ದಾರೆ. ಅದರಿಂದ ಅಂಚಿನ ಸಣ್ಣ ಮುರುಟು ಸರಿಯಾಗಬಹುದೇ ಹೊರತು ಹೊಸ ಅಂಚು ಹುಟ್ಟುವುದಿಲ್ಲ. ಬಂಗಾರದ ಬಣ್ಣದ ಟೈಟೇನಿಯಂ ಲೇಪವಿರುವ ಕತ್ತರಿಗಳಿಗೆ ಅಂಗಡಿಯವರು 150 ರೂಪಾಯಿ ಹೆಚ್ಚು ಕೇಳುತ್ತಿದ್ದರು. ಆ ಲೇಪ ಗಡಸಾದದ್ದು ನಿಜ, ಅಂಟು ಕೂರುವುದೂ ಕಡಿಮೆ. ಆದರೆ ಅದು ಬಹಳ ತೆಳ್ಳಗಿನ ಪದರ, ಸಾಣೆ ಹಿಡಿದೊಡನೆ ಅಂಚಿನಿಂದ ಹೊರಟುಹೋಗುತ್ತದೆ.

ಮಗಳು ಎಡಗೈಯವಳು. ಹಿಡಿಗಳು ಎರಡೂ ಕಡೆ ಒಂದೇ ಆಕಾರದಲ್ಲಿರುವುದರಿಂದ ಯಾವ ಕೈಯಲ್ಲಾದರೂ ಬಳಸಬಹುದು ಎಂದು ಅಂಗಡಿಯವರು ಹೇಳಿದ್ದರು. ಅದು ಅರ್ಧ ಸತ್ಯ. ಬಲಗೈ ಬೆರಳುಗಳು ಮುಚ್ಚುವಾಗ ಎರಡು ಅಲಗುಗಳನ್ನು ಸಹಜವಾಗಿಯೇ ಒಂದಕ್ಕೊಂದು ಒತ್ತುತ್ತವೆ; ಅದೇ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಬೆರಳುಗಳು ಅವನ್ನು ದೂರ ತಳ್ಳುತ್ತವೆ. ಜೊತೆಗೆ ಕತ್ತರಿಸುವ ಗೆರೆ ಅಲಗಿನ ಹಿಂದೆ ಮರೆಯಾಗುತ್ತದೆ. ಕತ್ತರಿಯನ್ನು ತಲೆಕೆಳಗಾಗಿ ತಿರುಗಿಸಿದರೂ ಅದು ಎಡಗೈಯದ್ದಾಗುವುದಿಲ್ಲ, ಏಕೆಂದರೆ ಆಗಲೂ ಮೇಲೆ ಬರುವ ಅಲಗು ಬಲಗಡೆಯೇ ಇರುತ್ತದೆ. ಎಡಗೈಯವರಿಗೆ ಬೇಕಾದದ್ದು ಕನ್ನಡಿಯಲ್ಲಿ ಕಂಡಂತೆ ಅಲಗುಗಳನ್ನೇ ಅದಲುಬದಲು ಮಾಡಿದ ಕತ್ತರಿ. ಕಾರವಾರದಲ್ಲಾಗಲಿ ಶಿರಸಿಯಲ್ಲಾಗಲಿ ನಾನು ವಿಚಾರಿಸಿದ ಅಂಗಡಿಗಳಲ್ಲಿ ಅದು ಸಿಗಲಿಲ್ಲ.

ಇದಕ್ಕಿಂತ ಬೆಲೆಬಾಳುವ ಕತ್ತರಿಗಳೂ ಇವೆ. ಫಿನ್‌ಲೆಂಡಿನ ಫಿಸ್ಕರ್ಸ್ 1649ರಲ್ಲಿ ಕಬ್ಬಿಣದ ಕಾರ್ಖಾನೆಯಾಗಿ ಶುರುವಾದದ್ದು. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಿಡಿಯ ಅವರ ಕತ್ತರಿ 1967ರಲ್ಲಿ ಬಂತು, ಇವತ್ತು ನಾವು ಕಾಣುವ ಹಗುರ ಕತ್ತರಿಗಳಿಗೆಲ್ಲ ಅದೇ ಮಾದರಿ. ಅಮೆರಿಕದ ಲೆದರ್‌ಮನ್ ಕಂಪನಿಯ ರಾಪ್ಟರ್ ಎಂಬುದು ಆಂಬುಲೆನ್ಸ್ ಸಿಬ್ಬಂದಿಗಾಗಿ ಮಾಡಿದ ಮಡಚುವ ಕತ್ತರಿ. ಗಾಯಾಳುವಿನ ಬಟ್ಟೆ, ಸೀಟ್ ಬೆಲ್ಟ್, ಊದಿದ ಬೆರಳಿನ ಉಂಗುರ ಕತ್ತರಿಸುವುದು ಅದರ ಕೆಲಸ. ಅದರ ಒಂದೊಂದು ಅಂಗವೂ ಒಂದೇ ಕಸುಬಿನವರ ಅಗತ್ಯಕ್ಕೆ ಹುಟ್ಟಿದ್ದು ಎಂಬುದನ್ನು ಗಮನಿಸಬೇಕು. ನನ್ನ 380 ರೂಪಾಯಿಯ ಕತ್ತರಿಯ ಅಂಗಗಳು ಡಬ್ಬದ ಮೇಲೆ ಚಿತ್ರ ತುಂಬಿಸಲು ಹುಟ್ಟಿದಂತಿವೆ.

ಡಬ್ಬದ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ನಾರು, ಪ್ಲಾಸ್ಟಿಕ್, ಹಗ್ಗ, ಮೀನು, ಸೊಪ್ಪು, ನೆನೆಸಿದ ಹಾಳೆ, ಇವುಗಳಿಗೆ ಈ ಬೆಲೆಯಲ್ಲಿ ಇದಕ್ಕಿಂತ ಒಳ್ಳೆಯದು ಸಿಗಲಾರದು. ನನ್ನ ಆಕ್ಷೇಪವಿರುವುದು ಒಂದೇ ಕತ್ತರಿ ಎಲ್ಲಕ್ಕೂ ಸಾಕು ಎಂಬ ಸೂಚನೆಗೆ. ಕಳೆದ ಮೇ ತಿಂಗಳ ಕೊನೆಗೆ ಮತ್ತೆ ಶಿರಸಿಗೆ ಹೋದಾಗ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ತಯಾರಿ ನಡೆದಿತ್ತು. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ದ್ರಾವಣದಲ್ಲಿ ಸುಣ್ಣ ಸಾಕಾಗಿದೆಯೇ ಎಂದು ನೋಡಲು ಭಾವ ಕಬ್ಬಿಣದ ಹಳೆಯ ಕತ್ತಿಯನ್ನು ಅದ್ದಿ, ಅಲಗಿಗೆ ತಾಮ್ರದ ಕೆಂಪು ಹತ್ತಿತೇ ಎಂದು ಪರೀಕ್ಷಿಸುತ್ತಿದ್ದರು. ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಅಷ್ಟರಲ್ಲಿ ಆಳೊಬ್ಬರು ಮೈಲುತುತ್ತದ ಪ್ಯಾಕೆಟ್ಟನ್ನು ಇದೇ ಕತ್ತರಿಯಿಂದ ಕತ್ತರಿಸಿ, ಹಾಗೆಯೇ ಕಟ್ಟೆಯ ಮೇಲಿಟ್ಟರು. ಅದರ ಸಂದಿನಲ್ಲಿ ನೀಲಿ ಹರಳುಗಳು ಕೂತಿದ್ದವು. ಮೈಲುತುತ್ತ ಹೊಟ್ಟೆಗೆ ಹೋದರೆ ವಿಷ. ಅದೇ ಕತ್ತರಿಯಲ್ಲಿ ಮರುದಿನ ಸೀಗಡಿ ಸೀಳುವುದನ್ನು ನೆನೆಸಿಕೊಂಡ ತಂಗಿ ಅದನ್ನು ಅಡುಗೆಮನೆಯ ಹೊಸ್ತಿಲು ದಾಟಿಸಲು ಬಿಡಲಿಲ್ಲ. "ಅಣ್ಣ, ಇದು ಇನ್ನು ತೋಟದ್ದೇ. ನೀನು ಬೇರೆಯದು ತಗೊ" ಎಂದಳು. ತೊಳೆದರೆ ಹೋಗುತ್ತದೆ ಎಂದು ವಾದಿಸಬಹುದಿತ್ತು, ವಾದಿಸಲಿಲ್ಲ.

ಹಾಗಾಗಿ ಈಗ ಎರಡಿವೆ. ಗುಳಿ ಬಿದ್ದದ್ದು ಶಿರಸಿಯಲ್ಲಿ, ಕೊಟ್ಟಿಗೆಯ ಮೊಳೆಗೆ ನೇತಾಡುತ್ತಿದೆ. ಜೂನಿನಲ್ಲಿ ಅದೇ ಅಂಗಡಿಯಿಂದ ತಂದ ಎರಡನೆಯದು ಕಾರವಾರದ ಅಡುಗೆಮನೆಯಲ್ಲಿದೆ, ಜುಲೈಯ ತುಕ್ಕಿನ ಉಂಗುರ ಕಂಡದ್ದು ಅದರಲ್ಲೇ. ಅದರ ಹಿಡಿಗೆ ಕೆಂಪು ದಾರ ಕಟ್ಟಿದ್ದೇವೆ, ಕೆಂಪು ದಾರದ್ದನ್ನು ಮನೆಯಿಂದ ಹೊರಗೆ ಒಯ್ಯುವಂತಿಲ್ಲ. ಮೀರತ್ ಕತ್ತರಿ ತನ್ನ ಖಾನೆಯಲ್ಲಿ ನೆಮ್ಮದಿಯಿಂದಿದೆ. ಮೊನ್ನೆ ಮಾತ್ರ ಹೆಂಡತಿ ಕೆಂಪು ದಾರದ ಕತ್ತರಿಯಲ್ಲಿ ಕಾಲರಿಗೆ ಹಾಕುವ ಗಟ್ಟಿ ಬಕ್ರಮ್ ಕತ್ತರಿಸುತ್ತ ಕೂತಿದ್ದಳು. ನಾನು ನೋಡಿದ್ದು ಗೊತ್ತಾಗಿ, "ಇದಕ್ಕೆ ನನ್ನ ಕತ್ತರಿ ಹಾಳು ಮಾಡಿಕೊಳ್ಳಲೇ? ಬರುವ ರವಿವಾರ ಸಂತೆಗೆ ಹೋದಾಗ ಇಂಥದ್ದೇ ಇನ್ನೊಂದು ತನ್ನಿ" ಎಂದಳು.